ಡಿವೋರ್ಸ್ ಆದ ಮೇಲೆ ನನಗೆ ಆಸರೆಯಾದ 14416

ಟೆಲಿ ಮಾನಸ್ ಬಗ್ಗೆ ಬರೆಯುತ್ತಿದ್ದೇನೆ. ನನ್ನ ಹಾಗೆ ಗಂಡನಿಂದ ಬೇರೆಯಾಗಿ ತವರಿಗೆ ಬಂದವರಿಗೆ ಇದು ಗೊತ್ತಿರಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ ಇದು, ನಂಬರ್ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹಗಲು ಹೇಗೋ ಕಳೆಯುತ್ತದೆ. ಆಫೀಸು, ಅಮ್ಮನ ಬಿಪಿ ಮಾತ್ರೆ, ಅಡುಗೆ. ಸರಸ್ವತಿಪುರಂನ ನಮ್ಮ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ನನಗೆ ಕಷ್ಟ. ಫೋನ್ ಮಾಡಿದ್ದೂ ಆಗಲೇ. ಆ ಕಡೆಯವರು 'ಸ್ವಲ್ಪ ಹೊಂದಿಕೊಂಡು ಹೋಗಬಹುದಿತ್ತು' ಅನ್ನಲಿಲ್ಲ. ನಿದ್ದೆ ಬರುತ್ತಾ, ಊಟ ಸೇರುತ್ತಾ, ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿ ಕೇಳಿದರು. ಅಷ್ಟು ದಿನ ಯಾರೂ ಕೇಳಿರಲಿಲ್ಲ.

ನನ್ನನ್ನು ಜಾಸ್ತಿ ಕಾಡುತ್ತಿದ್ದುದು ಮದುವೆ ಮನೆಗಳು. ಛತ್ರದ ಬಾಗಿಲಲ್ಲೇ 'ಯಜಮಾನ್ರು ಬರಲಿಲ್ವಾ?' ಅಂತ ಶುರುವಾಗುತ್ತದೆ. ಅದಕ್ಕೆ ಹೆದರಿ ಅಣ್ಣನ ಮಗಳ ನಾಮಕರಣಕ್ಕೂ ಹೋಗಿರಲಿಲ್ಲ. ಸಲಹೆಗಾರ್ತಿ 'ಮೇಡಂ, ನಿಮಗೆ ಏನು ಹೇಳೋಕೆ ಇಷ್ಟ?' ಎಂದರು. ಫೋನಿನಲ್ಲೇ ಹೇಳಿ ನೋಡಿದೆ. ಮೊದಲು ಉದ್ದದ ಕಥೆ ಬಂತು, ಗಂಡನ ತಪ್ಪು, ನನ್ನ ಸಮಜಾಯಿಷಿ, ಅಳು. ಮತ್ತೆ ಮತ್ತೆ ಹೇಳುತ್ತಾ ಅದು 'ನಾವು ಬೇರೆ ಆಗಿದ್ದೀವಿ. ನಿಮ್ಮನೇಲಿ ಎಲ್ಲ ಹೇಗಿದ್ದಾರೆ?' ಅನ್ನುವಷ್ಟಕ್ಕೆ ಬಂದು ನಿಂತಿತು. ಶ್ರಾವಣದಲ್ಲಿ ನಂಜನಗೂಡಿನ ಒಂದು ಮದುವೆಯಲ್ಲಿ ಅದನ್ನೇ ಹೇಳಿದೆ. ಕೇಳಿದ ದೊಡ್ಡಮ್ಮ ಇನ್ನೇನೂ ಕೆದಕದೆ ಕೈ ಹಿಡಿದು ಊಟಕ್ಕೆ ಕರೆದುಕೊಂಡು ಹೋದರು. ಎಷ್ಟೋ ತಿಂಗಳ ಮೇಲೆ ಅವತ್ತು ಹೊಟ್ಟೆ ತುಂಬ ಉಂಡೆ.

ಮದುವೆಗೆ ಮುಂಚೆ ಏನು ಇಷ್ಟ ಇತ್ತು ಅಂತಲೂ ಕೇಳಿದ್ದರು. ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುವುದು ಎಂದಿದ್ದೆ. ಈಗ ಮತ್ತೆ ಹೋಗುತ್ತಿದ್ದೇನೆ.

ಒಬ್ಬರೇ ಸಲಹೆಗಾರರ ಎದುರು ಕೂತು ತಿಂಗಳುಗಟ್ಟಲೆ ಮಾತಾಡಬೇಕು ಅನ್ನುವವರಿಗೆ ಫೋನ್ ಸಾಲದು. ಚಿಕಿತ್ಸೆ ಬೇಕಾದವರನ್ನು ತಜ್ಞರ ಹತ್ತಿರ ಕಳಿಸುವ ವ್ಯವಸ್ಥೆ ಇದೆ. ಜೀವನಾಂಶ, ಮಕ್ಕಳು ಯಾರ ಹತ್ತಿರ ಇರಬೇಕು ಅನ್ನುವ ಪ್ರಶ್ನೆಗಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಇಬ್ಬರೂ ಒಪ್ಪಿ ಹಿಂದೂ ವಿವಾಹ ಕಾಯ್ದೆಯ 13ಬಿ ಅಡಿ ಡಿವೋರ್ಸ್ ಅರ್ಜಿ ಹಾಕಿದಾಗ ಇದನ್ನು ನನಗೆ ಯಾರೂ ಹೇಳಲಿಲ್ಲ. ಫೀಸಿಗೆ ಬಳೆ ಅಡವಿಟ್ಟಿದ್ದೆ.

ಗಂಡಸರೂ ಫೋನ್ ಮಾಡಬಹುದು. ತಮ್ಮನ ಸ್ನೇಹಿತನಿಗೂ ಇದೇ ನಂಬರ್ ಕೊಟ್ಟಿದ್ದೇನೆ. ಇನ್ನೊಂದು ನಂಬರ್ 1800-891-4416.