ಆಯಿ ಜೊತೆ ಎರಡು ಪೇಟೆಬೀದಿ: ಎಂ.ಜಿ. ರೋಡೋ, ಸಯ್ಯಾಜಿರಾವ್ ರಸ್ತೆಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಮೈಸೂರಿನ ಸಯ್ಯಾಜಿರಾವ್ ರಸ್ತೆಗೆ. ಶಿರಸಿಯವರಿಗೆ ದೊಡ್ಡ ಪೇಟೆ ಅಂದರೆ ಕಣ್ಣಿಗೆ ಕಟ್ಟುವುದು ಎರಡು ವರ್ಷಕ್ಕೊಮ್ಮೆ ಮಾರಿಜಾತ್ರೆಗೆ ತುಂಬಿ ತುಳುಕುವ ಬಿಡ್ಕಿ ಬೈಲು. ದೇವಿಯ ಗದ್ದುಗೆಯೂ ಬಳೆ ಅಂಗಡಿಯೂ ಒಂದೇ ಕಡೆ. ಆ ಅಳತೆಯಲ್ಲಿ ನೋಡಿದರೆ ಬೆಂಗಳೂರಿನ ಎಂ.ಜಿ. ರೋಡ್ ಶುರುವಿಗೇ ಸೋತ ಹಾಗೆ. ಆದರೂ ಅಣ್ಣನ ಮಗನ ಮುಂಜಿಗೆ ಸಾಮಾನು ತರುವ ನೆಪದಲ್ಲಿ, ಎಪ್ಪತ್ತು ದಾಟಿದ ಆಯಿಯನ್ನು, ಅಂದರೆ ಅಮ್ಮನನ್ನು, ಮಂಡಿನೋವಿನ ಸಮೇತ ಎರಡೂ ಕಡೆ ಕರೆದುಕೊಂಡು ಹೋಗಿ ಬಂದೆ.

ಎಂ.ಜಿ. ರೋಡ್ ಚೆಂದ ಕಾಣುವುದು ಮೇಲಿಂದ. 2011ರಲ್ಲಿ ಬೆಂಗಳೂರಿನ ಮೊದಲ ಮೆಟ್ರೋ ಬೈಯಪ್ಪನಹಳ್ಳಿಯಿಂದ ಬಂದದ್ದು ಇಲ್ಲಿಗೇ. ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ಒಂದು ಮಗ್ಗುಲಿಗೆ ಪರೇಡ್ ಮೈದಾನದ ಹಸಿರು, ಇನ್ನೊಂದು ಮಗ್ಗುಲಿಗೆ ಅಂಗಡಿಸಾಲು. 1948ರವರೆಗೆ ಈ ರಸ್ತೆಗೆ ಸೌತ್ ಪರೇಡ್ ಎಂಬ ಹೆಸರು ಯಾಕಿತ್ತು ಅಂತ ಅಲ್ಲಿ ನಿಂತರೆ ಗೊತ್ತಾಗುತ್ತದೆ.

ತಾಪತ್ರಯ ಶುರುವಾಗಿದ್ದು ಕೆಳಗಿಳಿದ ಮೇಲೆ. ಮೆಟ್ರೋ ಇರುವುದು ಈ ಬದಿ, ನಾವು ಹೋಗಬೇಕಿದ್ದ ಕಾವೇರಿ ಎಂಪೋರಿಯಂ ಆ ಬದಿ, ಬ್ರಿಗೇಡ್ ರೋಡಿನ ಮೂಲೆಯಲ್ಲಿ. ನಡುವೆ ರಸ್ತೆ. ಸಿಗ್ನಲ್ ಬಿದ್ದ ಕೂಡಲೇ ಆಯಿ ಒಂದು ಕೈಲಿ ಸೀರೆ ನಿರಿಗೆ, ಇನ್ನೊಂದು ಕೈಲಿ ಚೀಲ ಹಿಡಿದು ನಾಲ್ಕು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಒಂದು ಆಟೋ ಮುರಿದುಕೊಂಡು ಬಂತು. ಆಯಿ ವಾಪಸ್. ಎರಡನೇ ಸಲ ಅರ್ಧಕ್ಕೆ ಹೋದವಳು ಬೈಕುಗಳು ಗುರುಗುಟ್ಟಿದ್ದು ಕೇಳಿ ಮತ್ತೆ ವಾಪಸ್.

ಮೂರನೇ ಸಲ ಯಾರೋ ಕಾಲೇಜು ಹುಡುಗಿ "ಬನ್ನಿ ಅಜ್ಜಿ" ಅಂತ ಕೈಹಿಡಿದು ದಾಟಿಸಿಯೇಬಿಟ್ಟಳು. ಈ ಬದಿ ಉಳಿದವನು ನಾನು! ಆಚೆ ಹೋಗಿ ಸೇರಿಕೊಂಡಾಗ ಆಯಿ ಅಂದಳು: "ಈ ರಸ್ತೆ ದಾಟದ್ಕಿಂತ ಅಘನಾಶಿನಿ ದಾಟದು ಸಸಾರ, ತಮಾ."

ಇಷ್ಟೆಲ್ಲ ಆಗಿ ಒಳಗೆ ಹೋದರೆ ಕಂಡದ್ದು ಗಂಧದ ಕೆತ್ತನೆ. ಶಿರಸಿ, ಕುಮಟಾ, ಸಾಗರದ ಗುಡಿಗಾರರ ಕಸುಬು. ನಾನೂರು ಕಿಲೋಮೀಟರ್ ಬಂದು ನಮ್ಮೂರನ್ನೇ ಗಾಜಿನಾಚೆ ನೋಡಿದ ಹಾಗಾಯಿತು. ಬೆಲೆ ಚೀಟಿ ತಿರುಗಿಸಿ ನೋಡಿ ಇಬ್ಬರೂ ಸುಮ್ಮನಾದೆವು.

ಸಯ್ಯಾಜಿರಾವ್ ರಸ್ತೆಯ ಕಥೆ ಬೇರೆ. ಬರೋಡದ ಮಹಾರಾಜರ ಹೆಸರು ಹೊತ್ತರೂ ಅದು ನಮ್ಮ ದಸರೆಯ ದಾರಿ. ಅಂಬಾರಿ ಹೊತ್ತ ಆನೆ ಅರಮನೆಯಿಂದ ಬನ್ನಿಮಂಟಪಕ್ಕೆ ಹೋಗುವುದು ಇದರ ಮೇಲೆಯೇ. ಉಳಿದ ದಿನ ಅದೇ ರಸ್ತೆಯಲ್ಲಿ ಬಕೆಟ್ಟು, ಬನಿಯನ್ನು, ಮೈಸೂರು ಪಾಕು. ಆಟೋದವನು ದೇವರಾಜ ಮಾರುಕಟ್ಟೆಯ ಬಾಗಿಲಿಗೇ ಇಳಿಸಿದ. ರಸ್ತೆ ದಾಟುವ ಪ್ರಸಂಗವೇ ಬರಲಿಲ್ಲ.

ಕುಂಕುಮದ ಗೋಪುರಗಳನ್ನು ಎಲ್ಲರೂ ಫೋಟೋ ತೆಗೆಯುತ್ತಾರೆ. ಆಯಿ ಅತ್ತ ತಿರುಗಿಯೂ ನೋಡದೆ ನಿಂತದ್ದು ಎಲೆ ಅಂಗಡಿಯೆದುರು. ಮೈಸೂರು ಚಿಗುರೆಲೆಯ ಕಟ್ಟಿನಿಂದ ಒಂದನ್ನು ಎಳೆದು, ಹೆಬ್ಬೆರಳಲ್ಲಿ ಬೆನ್ನು ಸವರಿ, ತೊಟ್ಟು ಚಿವುಟಿ ಮೂಸಿದಳು. ಸೊಂಟದ ಸಂಚಿಯಿಂದ ನಮ್ಮ ತೋಟದ ಅಡಿಕೆ ಹೊರಬಂತು, ಸುಣ್ಣ ಬಂತು, ಕವಳ ಬಾಯಿಗೆ ಹೋಯಿತು. ಎಲೆಯವನಿಗೂ ಎರಡು ಹೋಳು ಕೊಟ್ಟಳು. ಆತ ಜಗಿದು ತಲೆದೂಗಿ ಒಂದು ಕಟ್ಟಿನ ದುಡ್ಡಿಗೆ ಮೇಲೆ ಹತ್ತೆಲೆ ಹಾಕಿದ. ಎಂ.ಜಿ. ರೋಡಿನಲ್ಲಿ ಈ ವ್ಯವಹಾರ ಎಲ್ಲಿ ಸಾಧ್ಯ?

ಕೊರತೆ ಇಲ್ಲವೆಂದಲ್ಲ. ಮಾರುಕಟ್ಟೆ ಹಳೆಯದು, 2016ರಲ್ಲಿ ಒಂದು ಭಾಗ ಕುಸಿದೂ ಇತ್ತು. ನಾವು ಹೋದದ್ದು ಮಂಗಳವಾರ, ಅರಮನೆಯ ಭಾನುವಾರದ ದೀಪಾಲಂಕಾರ ಸಿಗಲಿಲ್ಲ. ಹೋಗುವವರು ವಾರ ನೋಡಿಕೊಂಡು ಹೋಗಿ.

ಕಾರವಾರದ ಕಡೆಯವರು ಪಣಜಿಯ ಜೂನ್ 18 ರಸ್ತೆಯೇ ಹತ್ತಿರ ಅನ್ನಬಹುದು. ಗೇರುಬೀಜಕ್ಕೆ ಸರಿ, ಮುಂಜಿಗೆ ಅಲ್ಲ.

ಹುಡುಗರ ಜೊತೆ ಹೊರಟರೆ, ಕೊಳ್ಳದೆ ಕಾಫಿ ಕುಡಿದು ಬರುವ ಪೈಕಿಯಾದರೆ ಎಂ.ಜಿ. ರೋಡಿಗೆ ಹೋಗಿ. ಜೇಬು ನಮ್ಮಷ್ಟೇ ಇದ್ದು ಜೊತೆಗೆ ಕವಳ ಹಾಕುವವರಿದ್ದರೆ ಮೈಸೂರು. ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಎಲೆ ಶಿರಸಿ ಮುಟ್ಟುವಾಗ ಅರ್ಧ ಕಟ್ಟು ಉಳಿದಿತ್ತು. ಮುಂಜಿಯ ಪಂಚೆ ಎರಡೂ ಕಡೆ ಮರೆತುಹೋಗಿ, ಕೊನೆಗೆ ನಮ್ಮ ಶಿರಸಿಯ ಸಿ.ಪಿ. ಬಜಾರಿನಿಂದಲೇ ತಂದೆವು.