ವುಹಾನ್ ಅಥವಾ ಚೋಂಗ್‌ಚಿಂಗ್: ಯಾಂಗ್ಟ್ಸಿ ದಂಡೆಯ ಯಾವ ವಸ್ತುಸಂಗ್ರಹಾಲಯ?

ಚೀನಾದ ಯಾಂಗ್ಟ್ಸಿ ನದಿಯ ಈ ಎರಡು ಮಹಾನಗರಗಳಲ್ಲಿ ಒಂದೇ ವಸ್ತುಸಂಗ್ರಹಾಲಯಕ್ಕೆ ಸಮಯವಿದ್ದರೆ, ಪ್ರಾಚೀನ ವಸ್ತುಗಳಲ್ಲಿ ಆಸಕ್ತಿಯುಳ್ಳವರು ವುಹಾನಿನ ಹುಬೈ ಪ್ರಾಂತೀಯ ವಸ್ತುಸಂಗ್ರಹಾಲಯವನ್ನು ಆರಿಸಿಕೊಳ್ಳುವುದು ಸೂಕ್ತ. ಪ್ರಾಚೀನ ಚೀನಾದ ಝೆಂಗ್ ಸಂಸ್ಥಾನದ ದೊರೆ ಯಿ ಎಂಬವನ ಸಮಾಧಿಯನ್ನು 1978ರಲ್ಲಿ ಉತ್ಖನನ ಮಾಡಿದಾಗ ದೊರೆತ, ಕ್ರಿ.ಪೂ. 5ನೆಯ ಶತಮಾನದ 65 ಕಂಚಿನ ಗಂಟೆಗಳು ಇಲ್ಲಿ ಮೂರು ಸಾಲುಗಳಲ್ಲಿ ತೂಗುತ್ತಿವೆ. ಗಂಟೆಯ ಬಾಯಿ ದುಂಡಗಿರದೆ ಬಾದಾಮಿ ಬೀಜದಂತೆ ಎರಡು ತುದಿಗಳಲ್ಲಿ ಚೂಪಾಗಿರುವುದರಿಂದ, ನಡುವೆ ಬಡಿದಾಗ ಒಂದು ಸ್ವರವೂ ಪಕ್ಕದಲ್ಲಿ ಬಡಿದಾಗ ಇನ್ನೊಂದು ಸ್ವರವೂ ಹೊರಡುತ್ತವೆ. ಮೈಮೇಲಿನ ಬರಹಗಳಲ್ಲಿ ಆ ಸ್ವರಗಳ ಹೆಸರುಗಳೇ ಇವೆ. ಸಂಗೀತ ಬಲ್ಲವರು ಇದೊಂದರ ಮುಂದೆಯೇ ಬಹಳ ಹೊತ್ತು ನಿಂತಾರು. ಪ್ರತಿಕೃತಿಗಳ ಮೇಲೆ ನಡೆಯುವ ವಾದನವನ್ನೂ ಕೇಳಬಹುದು. 1965ರಲ್ಲಿ ಪತ್ತೆಯಾದ, ಪ್ರಾಚೀನ ಯುಯೆ ರಾಜ್ಯದ ಅರಸ ಗೌಜಿಯಾನನ ಖಡ್ಗವೂ ಇಲ್ಲಿಯದೇ.

ಚೋಂಗ್‌ಚಿಂಗಿನ ತ್ರೀ ಗಾರ್ಜಸ್ (ಯಾಂಗ್ಟ್ಸಿಯ ಮೂರು ಕಣಿವೆಗಳು) ವಸ್ತುಸಂಗ್ರಹಾಲಯದಲ್ಲಿ ಅಂತಹ ಏಕೈಕ ಆಕರ್ಷಣೆಯಿಲ್ಲ, ಆದರೆ ನದಿಯ ಕಥೆ ಅಲ್ಲಿಯೇ ಹೆಚ್ಚು ಸ್ಪಷ್ಟವಾಗುತ್ತದೆ. 2005ರಲ್ಲಿ ತೆರೆದ ಈ ಕಟ್ಟಡದಲ್ಲಿ ತ್ರೀ ಗಾರ್ಜಸ್ ಅಣೆಕಟ್ಟಿನಿಂದ ಬದಲಾದ ಕಣಿವೆಯ ಬದುಕು, ಪ್ರಾಚೀನ ಬಾ ಜನರ ಸಂಸ್ಕೃತಿ, ಜಪಾನ್ ವಿರುದ್ಧದ ಯುದ್ಧಕಾಲದಲ್ಲಿ ನಗರವು ರಾಜಧಾನಿಯಾಗಿದ್ದ ದಿನಗಳು ಎಲ್ಲವೂ ಸೇರಿವೆ. ಮುಂದೆ ಹಡಗಿನಲ್ಲಿ ಕಣಿವೆಗಳನ್ನು ದಾಟಲಿರುವವರಿಗೆ, ಮುಳುಗಡೆಯಾದ ದಂಡೆಗಳ ಅರಿವು ಮೊದಲೇ ಇರಲೆಂಬ ಕಾರಣಕ್ಕೆ, ನಾನು ಇದನ್ನೇ ಸೂಚಿಸುತ್ತೇನೆ. ಎದುರಿಗೇ ಜನತಾ ಮಹಾಸಭಾಂಗಣವಿದ್ದು, ಎರಡನ್ನೂ ಒಟ್ಟಿಗೆ ನೋಡಬಹುದು. ಸೋಮವಾರ ಮಾತ್ರ ಎರಡೂ ವಸ್ತುಸಂಗ್ರಹಾಲಯಗಳಲ್ಲಿ ಸಾಮಾನ್ಯವಾಗಿ ಬಾಗಿಲು ಮುಚ್ಚಿರುತ್ತದೆ.