ಲೇಸರ್ ಒತ್ತಡಮಾಪಕ: ಮೂರು ವರ್ಷ ಬಳಸಿದ ಮೇಲೆ

ಬೇರೆ ಮಾಪಕಗಳನ್ನು ಹೋಲಿಸಿ ಪರೀಕ್ಷಿಸಲು ಈ ಲೇಸರ್ ಒತ್ತಡಮಾಪಕ ಕೊಂಡ ಹೊಸತರಲ್ಲಿ ಒಂದು ದಿನ ಮೇಜಿನ ಮೇಲೆ ಜಾಗವಿಲ್ಲವೆಂದು ಪರೀಕ್ಷೆಗೆ ಬಂದ ವಾಯುಭಾರಮಾಪಕವನ್ನು ನೆಲದ ಮೇಲಿಟ್ಟು, ಸಾರಜನಕದ ಕೊಳವೆಯಿಂದ ಮೇಜಿನ ಮೇಲಿನ ಲೇಸರ್ ಮಾಪಕಕ್ಕೆ ಜೋಡಿಸಿದೆ. ಎರಡರ ಅಂಕಿಗಳಲ್ಲಿ ಎಂಟು ಪ್ಯಾಸ್ಕಲ್‌ಗೂ ಹೆಚ್ಚು ವ್ಯತ್ಯಾಸ. ಕೆಟ್ಟಿದೆ ಎಂದುಕೊಂಡು ಅದನ್ನು ಮೇಜಿನ ಮೇಲಕ್ಕೆ ತಂದೆ, ವ್ಯತ್ಯಾಸ ಮಾಯ! ಮೇಜಿನೆತ್ತರದ ಕೊಳವೆಯಲ್ಲಿದ್ದ ಸಾರಜನಕದ ತೂಕ ಅದು. ಹಳೆಯ ಪಾದರಸದ ಕಂಬದಲ್ಲಾಗಿದ್ದರೆ ಅಷ್ಟು ಅಂತರ 0.06 ಮಿಲಿಮೀಟರ್, ಓದುವಾಗಿನ ತಪ್ಪೆಂದು ಬಿಟ್ಟುಬಿಡುತ್ತಿದ್ದೆ. ಅಂದಿನಿಂದ ಪ್ರತಿ ಬೆಳಿಗ್ಗೆ ಪರೀಕ್ಷೆಗೆ ಬಂದ ಮಾಪಕದ ಕೆಳಗೆ ತೆಳು ತಗಡುಗಳನ್ನು ಒಂದೊಂದಾಗಿ ಸೇರಿಸಿ ಎರಡನ್ನೂ ಒಂದೇ ಮಟ್ಟಕ್ಕೆ ತರುತ್ತೇನೆ. ಒಂದು ಸೆಂಟಿಮೀಟರ್ ತಪ್ಪಿದರೂ 0.11 ಪ್ಯಾಸ್ಕಲ್ ಹೋಯಿತು. ಈ ಕೆಲಸ ನನಗೆ ಬಲು ಇಷ್ಟ.

ಲೇಸರ್ ಮಾಪಕದ ಗಾಜಿನ ದಿಮ್ಮಿಯೊಳಗೆ ಎರಡು ಜೊತೆ ಕನ್ನಡಿಗಳಿವೆ. ಒಂದು ಜೊತೆಯ ನಡುವೆ ನಿರ್ವಾತ, ಇನ್ನೊಂದರ ನಡುವೆ ಅನಿಲ. ಅನಿಲದ ಒತ್ತಡ ಒಂದು ಪ್ಯಾಸ್ಕಲ್ ಏರಿದರೆ ಅಲ್ಲಿ ಅನುರಣಿಸುವ ಕೆಂಪು ಬೆಳಕಿನ ಆವೃತ್ತಿ ಸುಮಾರು 1.25 ಮೆಗಾಹರ್ಟ್ಸ್ ಜರುಗುತ್ತದೆ; ನಿರ್ವಾತದ ಜೊತೆಗೆ ಹೋಲಿಸಿ ಅದನ್ನು ಅಳೆದೇ ಒತ್ತಡ ಲೆಕ್ಕ ಹಾಕುವುದು. ಇಷ್ಟು ಸೂಕ್ಷ್ಮವಾದದ್ದನ್ನು ನಾನು ಬೇರೆ ಬಳಸಿಲ್ಲ.

ಆದರೆ ಬೆಳಕಿಗೆ ಕಾಣುವುದು ಒತ್ತಡವಲ್ಲ, ಅನಿಲದ ಸಾಂದ್ರತೆ. ಅದನ್ನು ಒತ್ತಡವಾಗಿಸಲು ಉಷ್ಣತೆ ಗೊತ್ತಿರಬೇಕು. ವಾತಾವರಣದ ಒತ್ತಡದಲ್ಲಿ ಉಷ್ಣತೆ ಒಂದು ಮಿಲಿಕೆಲ್ವಿನ್, ಅಂದರೆ ಡಿಗ್ರಿಯ ಸಾವಿರದ ಒಂದು ಭಾಗ, ತಪ್ಪಿದರೆ 0.34 ಪ್ಯಾಸ್ಕಲ್ ತಪ್ಪುತ್ತದೆ. ವಾಲ್ವ್ ತಿರುಗಿಸಿದೊಡನೆ ಒಳನುಗ್ಗಿದ ಅನಿಲ ಒತ್ತಿಕೊಂಡು ಬಿಸಿಯಾಗುತ್ತದೆ. ದಿಮ್ಮಿಗೆ ಅಂಟಿಸಿದ ಸಂವೇದಕಕ್ಕೆ ಅದು ತಕ್ಷಣ ತಿಳಿಯುವುದಿಲ್ಲ. ಅಷ್ಟು ಹೊತ್ತೂ ಅಂಕಿ ನಿಜಕ್ಕಿಂತ ಕೆಳಗಿರುತ್ತದೆ. ಪರದೆ ಮಾತ್ರ ಆ ಕ್ಷಣದಿಂದಲೇ ಪ್ಯಾಸ್ಕಲ್‌ನ ನೂರನೇ ಭಾಗದವರೆಗೆ ಠೀವಿಯಿಂದ ತೋರಿಸುತ್ತದೆ! ಕೈಪಿಡಿಯಲ್ಲಿ ‘ಕೆಲವು ನಿಮಿಷ’ ಎಂದಿದೆ. ಅದನ್ನು ನಂಬಿ ಮೊದಲ ತಿಂಗಳು ಐದು ಮಾಪಕಗಳ ತಿದ್ದುಪಟ್ಟಿಯನ್ನು ಎರಡೆರಡು ಸಲ ಬರೆದೆ. ಈ ಸಿಟ್ಟು ಇನ್ನೂ ಇಳಿದಿಲ್ಲ.

ಈಗ ಪ್ರತಿ ಬಾರಿ ಅನಿಲ ತುಂಬಿದ ಮೇಲೆ ನಲವತ್ತು ನಿಮಿಷ ಕಾಯುತ್ತೇನೆ. ನಮ್ಮಲ್ಲಿಗೆ ದಿನಕ್ಕೆ ಮೂರ್ನಾಲ್ಕು ಮಾಪಕಗಳಷ್ಟೇ ಬರುವುದರಿಂದ ನಡೆಯುತ್ತದೆ. ಪಾದರಸದ ಭಯ ಕೋಣೆಯಿಂದ ಹೋಗಿದೆ, ಅದೊಂದಕ್ಕಾದರೂ ಕೊಟ್ಟ ಹಣ ನನಗೆ ಹೆಚ್ಚೆನಿಸಿಲ್ಲ. ದಿನಕ್ಕೆ ಇಪ್ಪತ್ತು ಮಾಪಕ ನೋಡುವವರು ಕೊಳ್ಳಬೇಡಿ. ಒಳ್ಳೆಯ ಡಿಜಿಟಲ್ ವಾಯುಭಾರಮಾಪಕವೇ ಸಾಕು.

ಉಷ್ಣತೆ ನೆಲೆಗೊಳ್ಳುವವರೆಗೆ ಅಂಕಿಯನ್ನು ಬೂದು ಬಣ್ಣದಲ್ಲಿ ತೋರಿಸಿ ಎಂದು ತಯಾರಕರಿಗೆ ಎರಡು ಬಾರಿ ಬರೆದಿದ್ದೇನೆ. ಉತ್ತರ ಬರುವವರೆಗೆ ಪರದೆಯ ಮೇಲೆ ನಾನೇ ಅಂಟಿಸಿದ ಚೀಟಿ ಇದೆ: ‘ತುಂಬಿದ ಸಮಯ ಬರೆಯಿರಿ.’